‘ಕ್ಷ’ ಎಷ್ಟು? ಹೇಳಿ ನೋಡೋಣ!

ಏಳನೆಯ ತರಗತಿಯವರೆಗೆ ಲೆಕ್ಕದಲ್ಲಿ ಮುಂದಿದ್ದ ಹುಡುಗ ಎಂಟಕ್ಕೆ ಬಂದೊಡನೆ ಮಂಕಾದ ಎಂದು ಕೊರಗುವ ತಂದೆತಾಯಿಯರು ನಮ್ಮಲ್ಲಿ ಕಡಿಮೆಯಿಲ್ಲ. ಹುಡುಗ ಮಂಕಾಗಿರುವುದಿಲ್ಲ. ಅವನ ಕೈಲಿದ್ದ ಅಂಕಿಗಳನ್ನು ಕಿತ್ತುಕೊಂಡು ಅಲ್ಲಿ ಅಕ್ಷರಗಳನ್ನು ಇಟ್ಟಿರುತ್ತಾರೆ, ಅಷ್ಟೆ. ‘ಐದು ಮಾವಿನಹಣ್ಣಿಗೆ ನೂರು ರೂಪಾಯಿ, ಒಂದಕ್ಕೆ ಎಷ್ಟು?’ ಎಂದರೆ ಥಟ್ಟನೆ ಹೇಳುವವನು ‘5ಕ್ಷ = 100, ಕ್ಷ ಎಷ್ಟು?’ ಎಂದಾಗ ತಲೆ ಕೆರೆದುಕೊಳ್ಳುತ್ತಾನೆ. ಎರಡೂ ಒಂದೇ ಪ್ರಶ್ನೆ ಎಂದು ಯಾರೂ ಅವನಿಗೆ ಕೂರಿಸಿಕೊಂಡು ಹೇಳಿರುವುದಿಲ್ಲ.

(ಪಠ್ಯಪುಸ್ತಕದಲ್ಲಿ ‘ಎಕ್ಸ್’, ‘ವೈ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿರುವುದನ್ನು ಇಲ್ಲಿ ‘ಕ್ಷ’, ‘ಯ’ ಎಂದು ಬರೆದಿದೆ. ಕ್ಷ-ಕಿರಣ ಎನ್ನುವ ನಮಗೆ ಇದೇನೂ ಹೊಸತಲ್ಲ.)

ಇಲ್ಲಿ ಎಡವಿದವರು ಮುಂದೆಯೂ ಎಡವುತ್ತಲೇ ಹೋಗುವುದು ಬೀಜಗಣಿತದ ಸ್ವಭಾವ. ಎಂಟರಲ್ಲಿ ಆವರಣ ಬಿಡಿಸಲು ಬಾರದವರಿಗೆ ಒಂಬತ್ತರಲ್ಲಿ ಬಹುಪದೋಕ್ತಿ ಹತ್ತುವುದಿಲ್ಲ. ಬಹುಪದೋಕ್ತಿ ಹತ್ತದವರಿಗೆ ಹತ್ತರಲ್ಲಿ ವರ್ಗ ಸಮೀಕರಣ, ಸಮಾಂತರ ಶ್ರೇಢಿ ಎಲ್ಲವೂ ಕಬ್ಬಿಣದ ಕಡಲೆ. ಎಸ್ಸೆಸ್ಸೆಲ್ಸಿಯ ಆ ಒಂದು ಪತ್ರಿಕೆ ಎಷ್ಟೋ ಮಕ್ಕಳ ಮುಂದಿನ ದಾರಿಯನ್ನೇ ಬದಲಿಸಿದೆ. ಟ್ಯೂಷನ್ನಿಗೆ ಕಳುಹಿಸಬಲ್ಲವರು ಕಳುಹಿಸುತ್ತಾರೆ. ಉಳಿದವರ ಗತಿ? ಅವರಿಗಾಗಿಯೂ, ಟ್ಯೂಷನ್ನಿಗೆ ಹೋಗಿಯೂ ತಡವರಿಸುವವರಿಗಾಗಿಯೂ ಒಂದು ಆಟವಿದೆ. ಖರ್ಚು ಹೆಚ್ಚಿಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳು, ಒಂದು ಚಪ್ಪಲಿ ಡಬ್ಬ, ಒಂದು ಪೆನ್ನು, ದಿನಕ್ಕೆ ಹದಿನೈದು ನಿಮಿಷ.

ಸಭೆಯಲ್ಲಿ ಕೇಳುವ ಲೆಕ್ಕ

ಲೆಕ್ಕವನ್ನು ಆಟ ಮಾಡುವುದೆಂದರೆ ಈಗಿನ ಕಾಲದವರ ಸೋಮಾರಿತನ ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. ಅವರು ಸ್ವಲ್ಪ ಹಿಂದಕ್ಕೆ ನೋಡಬೇಕು. ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟವನು. ‘ಮೈನಸ್ಸು ಮೈನಸ್ಸು ಸೇರಿದರೆ ಪ್ಲಸ್ಸು’ ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ಗುಣಾಕಾರದ ನಿಯಮ ಅಲ್ಲಿದೆ. ಆತನೇ, ಸಭೆಯಲ್ಲಿ ಬೀಜಗಣಿತದ ಪ್ರಶ್ನೆ ಕೇಳುವವನಿಗೂ ಅದನ್ನು ಬಿಡಿಸುವವನಿಗೂ ಸಿಗುವ ಕೀರ್ತಿಯ ಬಗ್ಗೆ ಹೇಳಿದ್ದಾನೆ. ಆಗಿನ ವಿದ್ವತ್ಸಭೆಯಲ್ಲಿ ಕ್ವಿಜ್ ಇತ್ತೆಂದೇ ಇದರ ಅರ್ಥ!

ನಮ್ಮ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯನ ಲೆಕ್ಕಗಳಲ್ಲಿ ಹಣ್ಣು, ಹೂವು, ವರ್ತಕರು ತುಂಬಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಇನ್ನು 1150ರಲ್ಲಿ ಬಂದ ಭಾಸ್ಕರಾಚಾರ್ಯನ ‘ಲೀಲಾವತಿ’ಯಂತೂ ಬಾಲೆಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ‘ಹೇಳು ನೋಡೋಣ’ ಎಂದು ಕೇಳುವ ಧಾಟಿಯಲ್ಲಿದೆ. ಅದರಲ್ಲಿನ ದುಂಬಿಗಳ ಲೆಕ್ಕ ಪ್ರಸಿದ್ಧ. ಒಂದು ದುಂಬಿಗಳ ಹಿಂಡು. ಅದರ ಐದನೆಯ ಒಂದು ಭಾಗ ಒಂದು ಜಾತಿಯ ಹೂವಿಗೆ ಹೋಯಿತು, ಮೂರನೆಯ ಒಂದು ಭಾಗ ಇನ್ನೊಂದಕ್ಕೆ. ಈ ಎರಡು ಭಾಗಗಳ ವ್ಯತ್ಯಾಸದ ಮೂರರಷ್ಟು ಮತ್ತೊಂದು ಹೂವಿಗೆ. ಒಂದು ದುಂಬಿ ಮಾತ್ರ ಎಲ್ಲಿಗೆ ಹೋಗಲೂ ತೋಚದೆ ಗಾಳಿಯಲ್ಲಿ ಸುತ್ತುತ್ತಿತ್ತು. ಒಟ್ಟು ಎಷ್ಟು? ಹದಿನೈದು: ಮೂರು, ಐದು, ಆರು, ಕೊನೆಗೆ ಆ ಒಂದು. ಹತ್ತನೆಯ ತರಗತಿಯ ಹುಡುಗಿ ಇದನ್ನು ‘ಕ್ಷ’ ಇಟ್ಟು ಬಿಡಿಸಬಲ್ಲಳು. ಬಿಡಿಸುವ ಮುಂಚೆ ದುಂಬಿಗಳನ್ನೂ ನೋಡುತ್ತಾಳೆ ಎಂಬುದು ಭಾಸ್ಕರನ ಜಾಣ್ಮೆ.

ಒಗಟು ಬಿಡಿಸುವುದು ನಮ್ಮ ಜಗುಲಿಕಟ್ಟೆಗಳ ಹಳೆಯ ಚಟ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯಲ್ಲಿ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಪುಸ್ತಕ ಕೊಟ್ಟಾಗ ಮನೆಮಂದಿಯೆಲ್ಲ ಕುಳಿತು ಉತ್ತರ ಕೂಗಿದ್ದುಂಟು. ಆ ಹುರುಪನ್ನೇ ಲೆಕ್ಕದ ಕಡೆಗೆ ಸ್ವಲ್ಪ ತಿರುಗಿಸಿಕೊಳ್ಳಬೇಕಷ್ಟೆ.

ಓದಿದ್ದು ಏಕೆ ಉಳಿಯುವುದಿಲ್ಲ?

‘ಪುಸ್ತಕದಲ್ಲಿ ನೋಡಿದರೆ ಎಲ್ಲ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ’ ಎಂಬುದು ವಿದ್ಯಾರ್ಥಿಗಳ ಸಾಮಾನ್ಯ ದೂರು. ಇದು ನೆಪವಲ್ಲ. ಬಿಡಿಸಿಟ್ಟ ಲೆಕ್ಕವನ್ನು ಕಣ್ಣಾಡಿಸುವುದಕ್ಕೂ ಖಾಲಿ ಹಾಳೆಯ ಮುಂದೆ ಕುಳಿತು ನೆನಪಿನಿಂದ ಎಳೆದು ತರುವುದಕ್ಕೂ ಅಜಗಜಾಂತರ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಅಂಕಿಗಳಲ್ಲಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡನೆಯ ಸಲ ಓದಿಸಿದರು. ಕೆಲವನ್ನು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಗೆದ್ದಿತು: ಶೇಕಡಾ 81, ನೆನಪಿಸಿಕೊಂಡದ್ದು 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕಾಚಾರ ತಲೆಕೆಳಗಾಯಿತು. ಓದಿದ್ದು 42ಕ್ಕೆ ಇಳಿದಿತ್ತು, ನೆನಪಿಸಿಕೊಂಡದ್ದು 56ರಲ್ಲಿ ನಿಂತಿತ್ತು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಪರೀಕ್ಷೆ ಬರೆಯುವವರು ಮೋಸ ಹೋಗುವುದು ಇಲ್ಲೇ. ಆಗತಾನೇ ಓದಿದಾಗ ಎಲ್ಲ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ.

ಗಣಿತಕ್ಕೇ ಸಂಬಂಧಿಸಿದ ಇನ್ನೊಂದು ಪ್ರಯೋಗ 2007ರದು, ಫ್ಲೋರಿಡಾದ ರೋರರ್ ಮತ್ತು ಟೇಲರ್ ಎಂಬವರದು. ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವ ಲೆಕ್ಕಗಳು. ಒಂದು ಗುಂಪು ಒಂದೊಂದು ಬಗೆಯನ್ನು ಮುಗಿಸಿ ಮುಂದಿನದಕ್ಕೆ ಹೋಯಿತು, ನಮ್ಮ ಅಭ್ಯಾಸ ಲೆಕ್ಕಗಳ ಹಾಗೆ. ಇನ್ನೊಂದು ಗುಂಪಿಗೆ ನಾಲ್ಕನ್ನೂ ಕಲಸಿ ಕೊಟ್ಟರು. ಅಭ್ಯಾಸದ ವೇಳೆಯಲ್ಲಿ ಮೊದಲ ಗುಂಪು ಶೇಕಡಾ 89ರಷ್ಟು ಸರಿ, ಎರಡನೆಯದು 60 ಮಾತ್ರ. ವಾರದ ನಂತರ ಪರೀಕ್ಷೆ ಮಾಡಿದರೆ ಮೊದಲ ಗುಂಪು 20ಕ್ಕೆ ಕುಸಿದಿತ್ತು, ಕಲಸಿ ಮಾಡಿದವರು 63ರಲ್ಲಿದ್ದರು. ಕಾರಣ ಸರಳ. ‘ಅಭ್ಯಾಸ 4.2’ ಎಂದು ಮೇಲೆ ಬರೆದಿರುವಾಗ ಯಾವ ವಿಧಾನ ಬಳಸಬೇಕೆಂಬುದನ್ನು ಪುಸ್ತಕವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಹಾಗೆ ಹೇಳುವುದಿಲ್ಲ. ಇದು ಅಪವರ್ತನದ ಲೆಕ್ಕವೋ, ಸೂತ್ರ ಹಾಕುವ ಲೆಕ್ಕವೋ ಎಂದು ಗುರುತಿಸುವುದೇ ಅರ್ಧ ಕೆಲಸ.

ನೆನಪಿನಿಂದ ಎಳೆದು ತರುವುದು, ಕಲಸಿ ಕೇಳುವುದು. ಒಳ್ಳೆಯ ಕ್ವಿಜ್ ಇವೆರಡನ್ನೂ ತಾನಾಗಿಯೇ ಮಾಡಿಸುತ್ತದೆ.

ಲಗ್ನಪತ್ರಿಕೆಯ ಚೀಟಿಗಳು

ಲಗ್ನಪತ್ರಿಕೆಯನ್ನು ಇಸ್ಪೀಟು ಎಲೆಯಷ್ಟು ಅಗಲಕ್ಕೆ ಕತ್ತರಿಸಿ. ಖಾಲಿ ಬದಿ ಇಲ್ಲದಿದ್ದರೆ ಬಿಳಿ ಕಾಗದ ಅಂಟಿಸಿ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಚೀಟಿ ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು, ಏಕೆಂದರೆ ಪ್ರಶ್ನೆ ತಯಾರಿಸುವಾಗಲೇ ಅರ್ಧ ಕಲಿಕೆ ಆಗಿಹೋಗುತ್ತದೆ. ಮೊದಲಿಗೆ ನಲವತ್ತು ಚೀಟಿ ಸಾಕು. ಹತ್ತು ಆವರಣ ಬಿಡಿಸುವವು, ಹತ್ತು ಸರಳ ಸಮೀಕರಣ, ಹತ್ತು ಅಪವರ್ತನ, ಉಳಿದವು ‘ಸರಿಯೋ ತಪ್ಪೋ’. ಆಮೇಲೆ ಎಲೆ ಕಲಸುವ ಹಾಗೆ ಚೆನ್ನಾಗಿ ಕಲಸಿ.

ಒಂದು ಎಚ್ಚರಿಕೆ. ಹತ್ತು ನಿಮಿಷ ಹಿಡಿಯುವ ಲೆಕ್ಕವನ್ನು ಚೀಟಿಯಲ್ಲಿ ಬರೆಯಬೇಡಿ. ಒಂದು ಚೀಟಿಗೆ ಒಂದೇ ಹೆಜ್ಜೆ, ಹೆಚ್ಚೆಂದರೆ ಮೂರು. ಸಂಗೀತ ಕಲಿಯುವವರು ಕೀರ್ತನೆಗೆ ಮೊದಲು ಸರಳೆ, ಜಂಟಿವರಸೆ ಸಾಧಿಸುವುದಿಲ್ಲವೇ? ಇದೂ ಹಾಗೆಯೇ.

ಪ್ರಶ್ನೆ ಕೇಳುವವರಿಗೆ ಬೀಜಗಣಿತ ಬರಲೇಬೇಕೆಂಬ ನಿಯಮವಿಲ್ಲ. ಈ ಆಟದ ದೊಡ್ಡ ಗುಣವೇ ಇದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ತಾಯಿಯೂ ಅವರೆಕಾಯಿ ಸುಲಿಯುತ್ತಾ ಇದನ್ನು ನಡೆಸಬಹುದು. ಸಮೀಕರಣದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಬಿಡಿಸುವ ವಿಧಾನ ಗೊತ್ತಿರಬೇಕಾಗಿಲ್ಲ. ಬಂದ ಬೆಲೆಯನ್ನು ಹಿಂದಕ್ಕೆ ಇಟ್ಟು ನೋಡಿದರೆ ಸಾಕು, ಎಡಗಡೆ ಬಲಗಡೆ ತಕ್ಕಡಿಯ ಹಾಗೆ ಸಮ ಬರಬೇಕು. ಹೀಗೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಚೀಟಿಯಲ್ಲಿ 3(ಕ್ಷ − 2) = ಕ್ಷ + 8 ಎಂದಿದೆ.

‘ಕ್ಷ ಅಂದ್ರೆ ಐದು, ಅಮ್ಮಾ.’

‘ಐದೇನೇ? ಹಂಗಾದ್ರೆ ಐದು ಇಟ್ಟು ನೋಡು. ಎಡಗಡೆ ಎಷ್ಟಾಯ್ತು?’

‘ಐದರಲ್ಲಿ ಎರಡು ಹೋದ್ರೆ ಮೂರು. ಮೂರ್ ಮೂರ್ಲೆ ಒಂಬತ್ತು.’

‘ಬಲಗಡೆ?’

‘ಐದು, ಎಂಟು... ಹದಿಮೂರು. ತಾಳಮ್ಮ, ಎಲ್ಲೋ ತಪ್ಪಿದೆ.’

ತಾಯಿ ‘ತಪ್ಪು’ ಎನ್ನಲಿಲ್ಲ, ಮಗಳೇ ಹೇಳಿಕೊಂಡಳು. ಮೂರನ್ನು ‘ಕ್ಷ’ಕ್ಕೆ ಮಾತ್ರ ಗುಣಿಸಿ ಎರಡನ್ನು ಹಾಗೇ ಬಿಟ್ಟಿದ್ದು ಅವಳಿಗೆ ಹೊಳೆಯುತ್ತದೆ. ಸರಿಮಾಡಿದರೆ 3ಕ್ಷ − 6 = ಕ್ಷ + 8, ಅಂದರೆ ಕ್ಷ = 7. ಎಡಗಡೆ ಹದಿನೈದು, ಬಲಗಡೆ ಹದಿನೈದು. ಈ ತಾಳೆ ನೋಡುವ ಅಭ್ಯಾಸ ಒಮ್ಮೆ ಕೈಗೆ ಹತ್ತಿತೆಂದರೆ ಪರೀಕ್ಷಾ ಕೊಠಡಿಯಲ್ಲೂ ಬಿಟ್ಟುಹೋಗುವುದಿಲ್ಲ.

ಎಲ್ಲರೂ ಮಾಡುವ ತಪ್ಪುಗಳು

ಚೀಟಿಗಳಲ್ಲಿ ಅತ್ಯಂತ ಬೆಲೆಬಾಳುವವು ‘ಸರಿಯೋ ತಪ್ಪೋ’ ಚೀಟಿಗಳು. ಬೀಜಗಣಿತದಲ್ಲಿ ಮಕ್ಕಳು ಮಾಡುವ ತಪ್ಪುಗಳು ಲೆಕ್ಕವಿಲ್ಲದಷ್ಟೇನೂ ಅಲ್ಲ. ಊರೂರಿಗೂ ಅದೇ ತಪ್ಪುಗಳು, ವರ್ಷ ವರ್ಷವೂ ಅದೇ ತಪ್ಪುಗಳು.

ಎಲ್ಲಕ್ಕಿಂತ ಹಿರಿಯದು ಇದು: (ಅ + ಬ)² = ಅ² + ಬ². ಸೂತ್ರವನ್ನು ನೂರು ಸಲ ಬರೆಸಿದರೂ ಈ ತಪ್ಪು ಹೋಗುವುದಿಲ್ಲ. ಅಂಕಿ ಇಟ್ಟು ನೋಡಿದರೆ ಹೋಗುತ್ತದೆ. ಅ ಮೂರು, ಬ ನಾಲ್ಕು ಎನ್ನಿ. ಮೂರು ನಾಲ್ಕು ಏಳು, ಏಳರ ವರ್ಗ 49. ಆ ಕಡೆ ಒಂಬತ್ತು, ಹದಿನಾರು ಸೇರಿ 25. ಉಳಿದ 24 ಎಲ್ಲಿ ಹೋಯಿತು? ಚೌಕಾಕಾರದ ಸೈಟೊಂದರ ನಕ್ಷೆ ಬರೆದು, ಎರಡೂ ಅಂಚುಗಳನ್ನು ಮೂರು ಮತ್ತು ನಾಲ್ಕಾಗಿ ಸೀಳಿ ಗೆರೆ ಎಳೆಯಿರಿ. ಎರಡು ಚೌಕಗಳ ಜೊತೆಗೆ ಹನ್ನೆರಡು ಹನ್ನೆರಡರ ಎರಡು ಆಯತಗಳು ಕಣ್ಣಿಗೆ ಬೀಳುತ್ತವೆ. ಅದೇ 2ಅಬ. ಆ ಎರಡು ತುಂಡು ಜಾಗವನ್ನು ಬಿಟ್ಟುಕೊಟ್ಟು ಸೈಟು ಕೊಳ್ಳುವವರು ಯಾರಿದ್ದಾರೆ?

ಎರಡನೆಯದು ಆವರಣದ ಹಿಂದಿನ ಋಣಚಿಹ್ನೆ. 10 − (ಕ್ಷ − 4) ಎಂಬುದನ್ನು 6 − ಕ್ಷ ಎಂದು ಬರೆಯುವವರು ಬಹಳ. ಅಂಗಡಿಗೆ ಹೋಗಿ ನೋಡಿ. ನೂರರ ನೋಟು ಕೊಟ್ಟು ಅರವತ್ತು ರೂಪಾಯಿಯ ಸಾಮಾನು ಕೊಂಡಿರಿ, ಅಂಗಡಿಯಾತ ನಾಲ್ಕು ರೂಪಾಯಿ ಬಿಟ್ಟ. ಕೈಗೆ ಬರುವ ಚಿಲ್ಲರೆ 100 − (60 − 4), ಅಂದರೆ 44. ರಿಯಾಯಿತಿ ನಿಮ್ಮ ಜೇಬಿಗೆ ಸೇರಬೇಕೇ ಹೊರತು ಕಳೆದುಹೋಗಬಾರದು. ಹಾಗಾಗಿ ಮೇಲಿನದರ ಸರಿಯುತ್ತರ 14 − ಕ್ಷ.

ಪಕ್ಷಾಂತರದ ವಿಷಯ ಹೇಳಲೇಬೇಕಿಲ್ಲ. ಪದವೊಂದು ಸಮಚಿಹ್ನೆಯ ಈ ಪಕ್ಷದಿಂದ ಆ ಪಕ್ಷಕ್ಕೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ಹುಡುಗರು ನಗುತ್ತಾರೆ, ಶಾಸಕರ ಉದಾಹರಣೆ ಕಣ್ಣ ಮುಂದೆಯೇ ಇರುತ್ತದೆ. ತಮಾಷೆಯಿಂದ ನಿಯಮ ನೆನಪಿನಲ್ಲಿ ಉಳಿಯುವುದೇನೋ ನಿಜ. ಆದರೆ ಎರಡೂ ಕಡೆಗೆ ಒಂದನ್ನೇ ಕೂಡುತ್ತಿದ್ದೇವೆ ಅಥವಾ ಕಳೆಯುತ್ತಿದ್ದೇವೆ ಎಂಬ ಮೂಲ ಮಾತು ಮರೆತರೆ, 3ಕ್ಷ = 12 ಎಂಬಲ್ಲಿ ಮೂರನ್ನೂ ‘ಪಕ್ಷಾಂತರ’ ಮಾಡಿ 12 − 3 ಎಂದು ಬರೆಯುವ ಪ್ರಮೇಯ ಬರುತ್ತದೆ. ಗುಣಿಸಿಕೊಂಡಿರುವ ಮೂರನ್ನು ಕಳೆದು ಬಿಡಿಸಲಾಗದು, ಭಾಗಿಸಿಯೇ ಬಿಡಿಸಬೇಕು.

ಹತ್ತನೆಯವರಿಗೆ ಇನ್ನೊಂದು. ಕ್ಷ² = 9ಕ್ಷ. ಎರಡೂ ಕಡೆ ‘ಕ್ಷ’ ಹೊಡೆದುಹಾಕಿ ಒಂಬತ್ತು ಎಂದು ಬರೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಕ್ಷ ಸೊನ್ನೆಯಾದರೂ ಸಮೀಕರಣ ಸರಿಹೋಗುತ್ತದಲ್ಲ? ಸೊನ್ನೆಯಾಗಿರಬಹುದಾದದ್ದರಿಂದ ಭಾಗಿಸಿದ್ದಕ್ಕೆ ಒಂದು ಮೂಲ ಕೈತಪ್ಪಿತು. ಒಂದು ಕಡೆಗೆ ತಂದು ಕ್ಷ(ಕ್ಷ − 9) = 0 ಎಂದು ಬರೆದರೆ ಎರಡೂ ಸಿಗುತ್ತವೆ.

ಥಟ್ಟನೆ ಹೇಳಲಾರದವರು

ಶಾಲೆಯಲ್ಲಿ ಈ ಆಟ ಆಡಿಸುವ ಶಿಕ್ಷಕರಿಗೆ ಒಂದು ಮಾತು. ಗಂಟೆ ಒತ್ತಿ ಮೊದಲು ಉತ್ತರಿಸಿದವರಿಗೆ ಅಂಕ ಎಂಬ ಪದ್ಧತಿ ಟೀವಿಗೆ ಚೆಂದ, ತರಗತಿಗೆ ಅಲ್ಲ. ಹತ್ತು ನಿಮಿಷದಲ್ಲಿ ಆಟ ಮುಂದಿನ ಬೆಂಚಿನ ಮೂವರ ನಡುವೆ ಉಳಿಯುತ್ತದೆ. ಉಳಿದವರು ಪ್ರೇಕ್ಷಕರು. ಯಾರಿಗಾಗಿ ಆಟ ಬೇಕಿತ್ತೋ ಅವರು ಕಿಟಕಿಯಾಚೆ ನೋಡುತ್ತಿರುತ್ತಾರೆ. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಬಳಕೆಗೆ ಬಂದ ‘ಕಹೂಟ್’ನಂಥ ಮೊಬೈಲ್ ಕ್ವಿಜ್‌ಗಳಲ್ಲೂ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಏರ್ಪಾಡಿದೆ. ಮಜಾ ಇರುತ್ತದೆ, ಆದರೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಊಹಿಸಿ ಒತ್ತುವ ಬೆರಳಿಗೂ ಬೀಜಗಣಿತಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಇದಕ್ಕಿಂತ ನಮ್ಮ ಹಳೆಯ ಸ್ಲೇಟು ವಾಸಿ. ತರಗತಿಯನ್ನು ನಾಲ್ಕೈದು ಗುಂಪು ಮಾಡಿ, ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಎರಡು ನಿಮಿಷ ಕೊಡಿ. ಪ್ರತಿಯೊಬ್ಬರೂ ತಮ್ಮ ಸ್ಲೇಟಿನಲ್ಲಿ ಬರೆಯಬೇಕು. ‘ಎತ್ತಿ’ ಎಂದಾಗ ಎಲ್ಲ ಸ್ಲೇಟುಗಳೂ ಒಟ್ಟಿಗೇ ಮೇಲಕ್ಕೆ. ಮೇಷ್ಟ್ರಿಗೆ ಒಂದೇ ನೋಟದಲ್ಲಿ ತರಗತಿಯ ಪರಿಸ್ಥಿತಿ ತಿಳಿಯುತ್ತದೆ, ತಪ್ಪು ಬರೆದವನೊಬ್ಬನೇ ಎದ್ದು ನಿಂತು ನಾಚುವ ಪ್ರಸಂಗವೂ ಇಲ್ಲ. ಸರಿಯುತ್ತರಕ್ಕೆ ಒಂದು ಅಂಕ, ಹೇಗೆ ಬಂತೆಂದು ವಿವರಿಸಿದರೆ ಇನ್ನೊಂದು. ವಿವರಿಸುವವರನ್ನು ಗುಂಪು ಆರಿಸಬಾರದು, ಚೀಟಿ ಎತ್ತಿ ಮೇಷ್ಟ್ರೇ ಕರೆಯಬೇಕು. ಆಗ ಜಾಣ ಹುಡುಗಿಗೂ ಪಕ್ಕದವನಿಗೆ ಕಲಿಸುವ ಗರಜು ಬೀಳುತ್ತದೆ, ಇಲ್ಲದಿದ್ದರೆ ತನ್ನ ಗುಂಪಿನ ಅಂಕವೇ ಹೋಗುತ್ತದಲ್ಲ! ತಪ್ಪಿಗೆ ಅಂಕ ಕಳೆಯುವುದು ಮಾತ್ರ ಬೇಡವೇ ಬೇಡ. ಹೆದರಿದ ಮಗು ಬರೆಯುವುದನ್ನೇ ಬಿಡುತ್ತದೆ.

ಮನೆಯಲ್ಲೂ ಇದೇ ನಿಯಮ. ಅಣ್ಣ ತಮ್ಮಂದಿರಿಬ್ಬರನ್ನು ಎದುರುಬದುರು ಕೂರಿಸಿ ‘ನೋಡು, ಚಿಕ್ಕವನಾದರೂ ಎಷ್ಟು ಬೇಗ ಹೇಳ್ತಾನೆ’ ಎನ್ನುವ ತಂದೆ ಆಟವನ್ನು ಆ ಕ್ಷಣವೇ ಕೊಂದಂತೆ. ಎದುರಾಳಿ ಬೇಕೇ ಬೇಕೆಂದರೆ ಮಗುವಿನ ನಿನ್ನೆಯ ಅಂಕವೇ ಇದೆ.

ಡಬ್ಬದ ಮೂರು ಖಾನೆ

ಆಡಿದ ಚೀಟಿಗಳನ್ನು ಏನು ಮಾಡುವುದು? ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಡಬ್ಬದ ಉಪಾಯ ಹೇಳಿದ. ಚಪ್ಪಲಿ ಡಬ್ಬಕ್ಕೆ ರಟ್ಟು ನಿಲ್ಲಿಸಿ ಮೂರು ಖಾನೆ ಮಾಡಿ. ಮೊದಲನೆಯದು ದಿನವೂ ಕೇಳುವುದು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಬಡ್ತಿ ಪಡೆಯುತ್ತದೆ, ತಪ್ಪಿದ್ದು ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್ಸು. ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿ ಖುಷಿಪಡುವ ಚಟ ಇದರಿಂದ ತಪ್ಪುತ್ತದೆ. ಬಾರದ ಲೆಕ್ಕ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಒಂದು ತಿಂಗಳಾದ ಮೇಲೆ ಮೊದಲ ಖಾನೆಯಲ್ಲಿ ಉಳಿದಿರುವ ಏಳೆಂಟು ಚೀಟಿಗಳನ್ನು ತೆಗೆದುಕೊಂಡು ಶಿಕ್ಷಕರ ಬಳಿ ಹೋಗಿ. ‘ನನಗೆ ಲೆಕ್ಕ ಬರೋದಿಲ್ಲ ಸಾರ್’ ಎನ್ನುವುದಕ್ಕೂ ‘ಸಾರ್, ಇವಿಷ್ಟು ಬರ್ತಿಲ್ಲ’ ಎನ್ನುವುದಕ್ಕೂ ವ್ಯತ್ಯಾಸ ದೊಡ್ಡದು.

ಆಟದಿಂದ ಆಗದ ಕೆಲಸವೂ ಇದೆ. ದೋಣಿ, ರೈಲು, ವಯಸ್ಸುಗಳ ವಾಕ್ಯರೂಪದ ಲೆಕ್ಕವನ್ನು ಸಮೀಕರಣಕ್ಕೆ ತರುವುದು, ನಕ್ಷೆ ಎಳೆಯುವುದು, ಹಂತ ಹಂತವಾಗಿ ಅಚ್ಚುಕಟ್ಟಾಗಿ ಬರೆಯುವುದು ಚೀಟಿಯಲ್ಲಿ ಬರುವುದಿಲ್ಲ. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕವಿರುವುದರಿಂದ ಬಾಯಲ್ಲಿ ಉತ್ತರ ಹೇಳುವವರು ಬರವಣಿಗೆಯಲ್ಲಿ ಹಿಂದೆ ಬೀಳಬಹುದು. ಹದಿನೈದು ನಿಮಿಷದ ಆಟ ಮುಗಿದ ಮೇಲೆ ಒಂದು, ಒಂದೇ ಒಂದು, ದೊಡ್ಡ ಲೆಕ್ಕವನ್ನು ನೋಟುಪುಸ್ತಕದಲ್ಲಿ ಪೂರ್ತಿಯಾಗಿ ಮಾಡಿ ಮಲಗಿ.

ಎಂಟನೆಯ ತರಗತಿಯ ಪುಟ್ಟವರಿಗೆ ಆರಂಭಕ್ಕೆ ಒಂದು ಜಾದೂ. ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಯಲು ಹೇಳಿ. ಎರಡರಷ್ಟು ಮಾಡಲಿ, ಹತ್ತು ಕೂಡಲಿ, ಅರ್ಧ ಮಾಡಲಿ, ನೆನೆದ ಸಂಖ್ಯೆಯನ್ನು ಕಳೆಯಲಿ. ‘ಐದು ಉಳಿಯಿತು!’ ಎಂದು ನೀವು ಹೇಳಿಬಿಡಿ. ಪ್ರತಿ ಸಲವೂ ಐದೇ ಏಕೆ ಎಂದು ಕೇಳದ ಮಗುವಿಲ್ಲ. ನೆನೆದ ಸಂಖ್ಯೆಗೆ ‘ಕ್ಷ’ ಎಂದು ಹೆಸರಿಟ್ಟು ಅದನ್ನೇ ಬಿಡಿಸಲು ಹೇಳಿ. ಆ ಅಕ್ಷರ ಏಕೆ ಬೇಕಾಯಿತೆಂದು ಆಗ ಯಾರೂ ವಿವರಿಸಬೇಕಾಗಿಲ್ಲ.

ಇಂದಿನ ಆಟಕ್ಕೆ ಎಂಟು ಚೀಟಿಗಳು ಇಲ್ಲಿವೆ. ಕತ್ತರಿಸಿಕೊಳ್ಳುವವರು ಕತ್ತರಿಸಿಕೊಳ್ಳಬಹುದು. ಉತ್ತರ ನೋಡುವ ಮುಂಚೆ ತಾಳೆ ನೋಡಿ.

1. ಕ್ಷ = 3 ಆದರೆ 2ಕ್ಷ² ಎಷ್ಟು?
2. 7 − (2 − ಕ್ಷ) ಇದನ್ನು ಸರಳಗೊಳಿಸಿ.
3. 5(ಕ್ಷ − 1) = 3ಕ್ಷ + 7. ಕ್ಷ ಎಷ್ಟು?
4. ಕ್ಷ² + 7ಕ್ಷ + 12 ಅಪವರ್ತಿಸಿ.
5. ಉದ್ದ ಗುಣಾಕಾರ ಮಾಡದೆ 103ರ ವರ್ಗ ಹೇಳಿ.
6. ಎರಡು ಸಂಖ್ಯೆಗಳ ಮೊತ್ತ 10, ವ್ಯತ್ಯಾಸ 4. ಸಂಖ್ಯೆಗಳು ಯಾವುವು?
7. 4, 7, 10, ... ಈ ಶ್ರೇಢಿಯ ಇಪ್ಪತ್ತನೆಯ ಪದ ಯಾವುದು?
8. ತಾಯಿ ಮಗಳ ವಯಸ್ಸುಗಳ ಮೊತ್ತ 50. ತಾಯಿಯ ವಯಸ್ಸು ಮಗಳ ನಾಲ್ಕರಷ್ಟು. ಎಷ್ಟು ವರ್ಷಗಳ ನಂತರ ತಾಯಿಯ ವಯಸ್ಸು ಮಗಳ ಎರಡರಷ್ಟಾಗುತ್ತದೆ?

ಉತ್ತರಗಳು: 1) 18. ಮೂರರ ವರ್ಗ ಮಾಡಿದ ಮೇಲೆ ಎರಡರಿಂದ ಗುಣಿಸಬೇಕು, 36 ಎಂದವರು ಮೊದಲು ಗುಣಿಸಿದ್ದಾರೆ. 2) 5 + ಕ್ಷ. 3) 6. 4) (ಕ್ಷ + 3)(ಕ್ಷ + 4). 5) 10609, ಅಂದರೆ 10000 + 600 + 9. 6) 7 ಮತ್ತು 3. 7) 61. ಇಪ್ಪತ್ತನೆಯ ಪದಕ್ಕೆ ಹತ್ತೊಂಬತ್ತು ಜಿಗಿತ ಸಾಕು, 64 ಎಂದವರು ಒಂದು ಜಿಗಿತ ಹೆಚ್ಚು ಹಾಕಿದ್ದಾರೆ. 8) ಈಗ ತಾಯಿಗೆ 40, ಮಗಳಿಗೆ 10. ಇಪ್ಪತ್ತು ವರ್ಷಗಳ ನಂತರ 60 ಮತ್ತು 30.